ಜ್ವರ ಬಂದ ಮೊದಲ ವಾರ: ಮನೆಯವರು ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು

ಮಳೆಗಾಲ ಶುರುವಾದರೆ ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಯಾವ ಒಪಿಡಿಗೆ ಹೋದರೂ ಜ್ವರದವರ ಸಾಲೇ ಉದ್ದ. "ಎಷ್ಟು ದಿನದಿಂದ ಜ್ವರ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಬಾಳ ದಿನ ಆತ್ರೀ." ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ನಾಲ್ಕು ಬಗೆಯ ಮಾತ್ರೆ, ಒಂದರ ಮೇಲೂ ಹೆಸರಿಲ್ಲ, ಹೆಸರಿದ್ದ ತುದಿ ಅಂಗಡಿಯಲ್ಲೇ ಕತ್ತರಿಸಿ ಹೋಗಿರುತ್ತದೆ. ಅಷ್ಟರಲ್ಲಿ ಎರಡು ಸೂಜಿ ಆಗಿದೆ, ಒಂದು ಸಲೈನ್ ಹಚ್ಚಿಸಿದ್ದಾರೆ, ಯಾರೋ ಟೈಫಾಯಿಡ್ ಅಂದಿದ್ದಾರೆ. ಯಾವ ದಿನ ಏನಾಯ್ತು ಅನ್ನುವುದು ಮಾತ್ರ ಯಾರಿಗೂ ನೆನಪಿಲ್ಲ.

ಯಾವ ಜ್ವರ ಅಂತ ಹೇಳುವುದು ಡಾಕ್ಟರ್ ಕೆಲಸ, ಅದನ್ನು ಮನೆಯವರು ಮಾಡಬೇಕಿಲ್ಲ. ಆದರೆ ಅದಕ್ಕೆ ಬೇಕಾದ ಮಾಹಿತಿಯಲ್ಲಿ ಅರ್ಧ ಸಿಗುವುದು ಮನೆಯಲ್ಲೇ. ರಾತ್ರಿ ಹತ್ತಕ್ಕೆ ಚಳಿ ಬಂದಿದ್ದನ್ನು ನೋಡಿದವರು ನೀವು. ಎಷ್ಟು ಸಲ ಮೂತ್ರ ಆಯ್ತು ಅನ್ನುವುದು ಗೊತ್ತಿರುವುದೂ ನಿಮಗೇ. ಆಶಾ ಕಾರ್ಯಕರ್ತೆಯರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ. ಒಂದು ಮಾತು ನೆನಪಿರಲಿ: ಜ್ವರದಲ್ಲಿ ಡಿಗ್ರಿಗಿಂತ ದಿನದ ಲೆಕ್ಕ ಮುಖ್ಯ. ಕೆಳಗಿನ ಹಂತಗಳೆಲ್ಲ ಅದರ ಸುತ್ತಲೇ ಇವೆ.

## ಮನೆಯಲ್ಲಿ ಇರಬೇಕಾದವು

ಒಂದು ಡಿಜಿಟಲ್ ಥರ್ಮಾಮೀಟರ್. ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಮೊಬೈಲ್. ಪ್ಯಾರಾಸಿಟಮಾಲ್, ಮಗುವಿದ್ದರೆ ಸಿರಪ್, ಜೊತೆಗೆ ಎಂಎಲ್ ಗುರುತಿರುವ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್. ನಾಲ್ಕು ಒಆರ್‌ಎಸ್ ಪೊಟ್ಟಣ, ಒಂದು ಲೀಟರ್ ಬಾಟಲಿ. ಒಂದು ನೋಟ್‌ಬುಕ್, ಪೆನ್ನು. ಇಷ್ಟೇ. ಆಂಟಿಬಯೋಟಿಕ್ ಈ ಪಟ್ಟಿಯಲ್ಲಿ ಇಲ್ಲ. ಹೋದ ವರ್ಷ ಉಳಿದ ಅರ್ಧ ಸ್ಟ್ರಿಪ್ ಇದ್ದರೆ ಅದನ್ನೂ ಪೆಟ್ಟಿಗೆಯಿಂದ ತೆಗೆದುಬಿಡಿ.

## ಹಂತ 1: ಮೊದಲು ಅಪಾಯದ ಲಕ್ಷಣ ಇದೆಯಾ ನೋಡಿ

ಥರ್ಮಾಮೀಟರ್ ಹುಡುಕುವ ಮೊದಲು ಈ ಕೆಲಸ. ಕೆಳಗಿನದರಲ್ಲಿ ಒಂದಿದ್ದರೂ ಮುಂದಿನ ಹಂತಗಳನ್ನೆಲ್ಲ ಬಿಟ್ಟು 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ:

- ಕರೆದರೆ ಸರಿಯಾಗಿ ಓಗೊಡುತ್ತಿಲ್ಲ, ತಡಬಡ ಮಾತಾಡುತ್ತಿದ್ದಾರೆ, ಎಬ್ಬಿಸಿದರೂ ಏಳುತ್ತಿಲ್ಲ
- ಉಸಿರಾಡಲು ಕಷ್ಟ, ಮಗುವಿಗೆ ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದೆ
- ಫಿಟ್ಸ್ ಬಂದಿದೆ
- ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ, ಜೊತೆಗೆ ತಡೆಯಲಾರದ ತಲೆನೋವು
- ವಸಡು, ಮೂಗಿನಿಂದ ರಕ್ತ, ಕಪ್ಪು ಮಲ
- ಕುಡಿದದ್ದೆಲ್ಲ ವಾಂತಿ, ಆರೇಳು ಗಂಟೆಯಿಂದ ಮೂತ್ರ ಇಲ್ಲ
- ಕೈಕಾಲು ತಣ್ಣಗಾಗಿ ಬೆವರುತ್ತಿವೆ, ನಿಂತರೆ ಕಣ್ಣು ಕತ್ತಲೆ

ಇನ್ನು ಕೆಲವರಿಗೆ ಜ್ವರ ಬಂದಿದೆ ಅನ್ನುವುದೇ ಆಸ್ಪತ್ರೆಗೆ ಹೋಗಲು ಸಾಕಾದ ಕಾರಣ: ಮೂರು ತಿಂಗಳೊಳಗಿನ ಕೂಸು, ಗರ್ಭಿಣಿ, ಬಾಣಂತಿ, ಕೀಮೋ ಅಥವಾ ಡಯಾಲಿಸಿಸ್ ನಡೆಯುತ್ತಿರುವವರು. ಇವರ ವಿಷಯದಲ್ಲಿ "ನಾಳೆ ನೋಡೋಣ" ಬೇಡ.

ಮಗುವಿಗೆ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಸಮಯ ನೋಡಿಕೊಳ್ಳಿ, ಬಾಯಿಗೆ ಏನನ್ನೂ ಹಾಕಬೇಡಿ. ಚಮಚ ತುರುಕುವುದು, ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಹಿಡಿಸುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ ಅದು ತೀರಾ ತುರ್ತು. ಬೇಗ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಇದೆ. ರಾಯಚೂರು, ಬಳ್ಳಾರಿಯ ಬಿಸಿಲು ನಿಮಗೆ ಹೇಳಬೇಕಿಲ್ಲ. ಹೊಲದಲ್ಲೋ, ಕಟ್ಟಡದ ಕೆಲಸದಲ್ಲೋ ಇದ್ದವರು ಮೈ ಕೆಂಡದಂತಾಗಿ ತಡಬಡಿಸಿ ಮಾತಾಡಿದರೆ, ಕುಸಿದು ಬಿದ್ದರೆ, ಅದು ಸೋಂಕಿನ ಜ್ವರ ಅಲ್ಲದಿರಬಹುದು. ಬಿಸಿಲಿನ ಹೊಡೆತಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ಕೊಡದಿಂದ ನೀರು ಸುರಿಯಿರಿ, ಗಾಳಿ ಹಾಕಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಗಾಡಿ ಬರುವವರೆಗೂ, ಗಾಡಿಯಲ್ಲೂ ಇದನ್ನು ನಿಲ್ಲಿಸಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

## ಹಂತ 2: ಒಂದನೇ ದಿನ ಯಾವುದು ಅಂತ ಗುರುತಿಸಿ

ಮೈ ಬಿಸಿ ಶುರುವಾದ ದಿನವೇ ಒಂದನೇ ದಿನ. ಆಸ್ಪತ್ರೆಗೆ ಹೋದ ದಿನ ಅಲ್ಲ, ಜ್ವರ ಜಾಸ್ತಿಯಾದ ದಿನವೂ ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ತಾರೀಖು ನೆನಪಾಗದಿದ್ದರೆ ಆ ದಿನ ಬೇರೆ ಏನಾಗಿತ್ತು ಅಂತ ಕೇಳಿ.

"ಯವ್ವಾ, ಹುಡುಗಿಗೆ ಮೈ ಬಿಸಿ ಆದ ದಿನ ಏನರ ಇತ್ತೇನು? ಸಂತಿ, ಅಮಾಸಿ?"

"ಸಂತಿ ದಿನಾನ ರೀ. ಬಳಿ ಇಡಿಸ್ಕೊಂಡ್ ಬಂದು ಮಲಗಿದಾಕಿ ಎದ್ದೇ ಇಲ್ಲ."

ಸಂತೆ ಮಂಗಳವಾರ ಅಂದರೆ ಮಂಗಳವಾರವೇ ಒಂದನೇ ದಿನ, ಇವತ್ತು ಶುಕ್ರವಾರ ಅಂದರೆ ನಾಲ್ಕನೇ ದಿನ. ಇಷ್ಟು ಗೊತ್ತಾದರೆ ಯಾವ ಟೆಸ್ಟ್ ಮಾಡಿಸಬೇಕು, ಯಾವಾಗ ಕಣ್ಣಿಟ್ಟಿರಬೇಕು ಎರಡೂ ತಿಳಿಯುತ್ತವೆ.

## ಹಂತ 3: ಅಳೆಯಿರಿ, ಬರೆಯಿರಿ

ಅಂಗೈ ಹಣೆಗಿಟ್ಟು "ಸುಡ್ತಾ ಇದೆ" ಅನ್ನುವುದು ಅಳತೆ ಅಲ್ಲ. ಕಂಕುಳಿನ ಬೆವರು ಒರೆಸಿ, ಥರ್ಮಾಮೀಟರ್ ತುದಿ ನಡುಭಾಗಕ್ಕೆ ಬರುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿಸಿ, ಬೀಪ್ ಬರುವವರೆಗೆ ಕಾಯಿರಿ. ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ, ಬಾಯಲ್ಲಿ ಅಳೆದರೆ 100.4. ಬಿಸಿ ಚಹಾ ಕುಡಿದ ತಕ್ಷಣ ಬಾಯಲ್ಲಿ ಇಡಬೇಡಿ. ದಿನಕ್ಕೆ ನಾಲ್ಕು ಸಲ ಸಾಕು. ಮಾತ್ರೆ ಕೊಡುವ ಮೊದಲೇ ಅಳೆಯಿರಿ, ಕೊಟ್ಟ ಮೇಲೆ ಬಂದ ಅಂಕಿ ಮಾತ್ರೆಯ ಗುಣ ತೋರಿಸುತ್ತದೆ ಅಷ್ಟೇ.

ಐದು ವರ್ಷದೊಳಗಿನ ಮಗುವಿಗೆ ಕೆಮ್ಮು ಇದ್ದರೆ ಉಸಿರನ್ನೂ ಎಣಿಸಿ. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು. ಅವತ್ತೇ ತೋರಿಸಿ.

ನೋಟ್‌ಬುಕ್‌ನ ಒಂದು ಪುಟ ಹೀಗಿದ್ದರೆ ಸಾಕು:

ಮಂಗಳವಾರ, 1ನೇ ದಿನ: ಸಂಜೆ 6ಕ್ಕೆ ಚಳಿ, 102. ಪ್ಯಾರಾಸಿಟಮಾಲ್ 500. ಕಣ್ಣಿನ ಹಿಂದೆ ನೋವು.
ಬುಧವಾರ, 2ನೇ ದಿನ: ಬೆಳಗ್ಗೆ 103, ರಾತ್ರಿ 102. ಮೈಕೈ ನೋವು. ಮೂತ್ರ 5 ಸಲ.
ಗುರುವಾರ, 3ನೇ ದಿನ: 102. ಎರಡು ಸಲ ವಾಂತಿ. ಮೂತ್ರ 3 ಸಲ.
ಶುಕ್ರವಾರ, 4ನೇ ದಿನ: ಬೆಳಗ್ಗೆ 98.4, ಮಾತ್ರೆ ಕೊಟ್ಟಿಲ್ಲ. ಹೊಟ್ಟೆ ನೋವು ಅಂತಿದ್ದಾಳೆ. ರಾತ್ರಿಯಿಂದ ಮೂತ್ರ ಇಲ್ಲ.

ಮನೆಯವರು ಶುಕ್ರವಾರ ಬೆಳಗ್ಗೆ "ಜ್ವರ ಬಿಡ್ತು" ಅಂತ ಖುಷಿಪಡುತ್ತಾರೆ. ಡಾಕ್ಟರ್ ಇದೇ ಪುಟ ನೋಡಿದರೆ ಆ ಶುಕ್ರವಾರದ ಸಾಲಿಗೇ ಗಾಬರಿಯಾಗುತ್ತಾರೆ. ಯಾಕೆ ಅಂತ ಏಳನೇ ಹಂತದಲ್ಲಿ ಇದೆ.

## ಹಂತ 4: ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಕೇಳಿ

ಬೆಳಕಿರುವ ಕಡೆ ಕೂರಿಸಿ. ನಾಚಿಕೆ ಅಂತ ಬಿಟ್ಟ ಜಾಗದಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ.

ಕಣ್ಣು ಹಳದಿಯಾ, ಕೆಂಪಾ? ಗಂಟಲು ನೋವಾ? ಕಿವಿ ಸೋರುತ್ತಿದೆಯಾ? ಮೈಮೇಲೆ ಕೆಂಪು ಚುಕ್ಕೆ ಇದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಮಾಸದ ಚುಕ್ಕೆ ಅಂದರೆ ಚರ್ಮದೊಳಗೆ ರಕ್ತ ಜಿನುಗಿದೆ ಅಂತ ಅರ್ಥ, ತಡಮಾಡಬೇಡಿ.

ಹೊಲದಲ್ಲಿ, ಹುಲ್ಲು ಪೊದೆಯಲ್ಲಿ ಕೆಲಸ ಮಾಡುವವರಿಗೆ ಕಂಕುಳು, ತೊಡೆಸಂದಿ, ಹೆಂಗಸರಿಗೆ ಸ್ತನದ ಕೆಳಗೆ, ಸೊಂಟದ ಪಟ್ಟಿಯ ಜಾಗ ನೋಡಲೇಬೇಕು. ಬೀಡಿ ತಾಗಿ ಸುಟ್ಟಂತೆ ಕಾಣುವ, ನೋವಿಲ್ಲದ ಕಪ್ಪು ಹೊಪ್ಪಳೆ ಇದ್ದರೆ ಅದು ಸ್ಕ್ರಬ್ ಟೈಫಸ್‌ನ ಗುರುತು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ ಇದು. ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಬಿಟ್ಟರೆ ಶ್ವಾಸಕೋಶ, ಕಿಡ್ನಿಗೆ ಹತ್ತುತ್ತದೆ. ಎಲ್ಲರಿಗೂ ಈ ಹೊಪ್ಪಳೆ ಇರುವುದಿಲ್ಲ. ಆದರೆ ಇದ್ದು, ಯಾರೂ ನೋಡದೆ ಹೋದರೆ ಬೇಜಾರು ಅಲ್ವಾ.

ತುಂಗಭದ್ರಾ ಎಡದಂಡೆ ಕಾಲುವೆಯ ಭಾಗದಲ್ಲಿ ಭತ್ತದ ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ಜಾಸ್ತಿ. ಜ್ವರದ ಜೊತೆ ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಅಂದರೆ ಇಲಿಜ್ವರದ ಅನುಮಾನ ಪಡಬೇಕು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಗೆ ಹೋಗಿ ಬರುತ್ತದೆ. ಡಾಕ್ಟರಿಗೆ "ನಾಟಿ ಕೆಲಸಕ್ಕೆ ಹೋಗಿದ್ದೆ" ಅಂತ ನೀವೇ ಬಾಯಿಬಿಟ್ಟು ಹೇಳಿ. ಗದ್ದಲದ ಒಪಿಡಿಯಲ್ಲಿ ಅವರು ಕೇಳದೆಯೂ ಇರಬಹುದು.

ಉಳಿದ ಪ್ರಶ್ನೆಗಳು ಬೇಗ ಮುಗಿಯುತ್ತವೆ. ಉರಿಮೂತ್ರ ಇದೆಯಾ, ಸೊಂಟದ ಪಕ್ಕ ನೋವಾ? ಭೇದಿಯಲ್ಲಿ ರಕ್ತ ಇದೆಯಾ? ಕೆಮ್ಮು ಎರಡು ವಾರ ದಾಟಿದೆಯಾ? ದಾಟಿದ್ದರೆ ಕಫ ಪರೀಕ್ಷೆ ಮಾಡಿಸಿ, ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೆಂಗಳೂರು, ಗೋವಾ, ಮುಂಬೈಗೆ ದುಡಿಯಲು ಹೋಗಿ ಈಗ ತಾನೇ ಬಂದವರಾ? ಮನೆಯಲ್ಲಿ, ಓಣಿಯಲ್ಲಿ ಇನ್ನೂ ಯಾರಿಗಾದರೂ ಇದೆಯಾ?

## ಹಂತ 5: ಜ್ವರ ತಗ್ಗಿಸಿ, ನೀರು ಕೊಡಿ

ಮಾತ್ರೆ ಕೊಡುವುದು ರೋಗಿಗೆ ಸ್ವಲ್ಪ ಆರಾಮ ಆಗಲಿ ಅಂತ. ಅದರಿಂದ ರೋಗ ಹೋಗುವುದಿಲ್ಲ. 100 ಡಿಗ್ರಿ ಇದ್ದು ಮಗು ಆಡುತ್ತಿದ್ದರೆ ಏನೂ ಕೊಡಬೇಕಿಲ್ಲ.

ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆಗೊಮ್ಮೆ. ದಿನಕ್ಕೆ ನಾಲ್ಕು ಸಲ ದಾಟಬಾರದು. ಕುಡಿತದ ಚಟ, ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ನುಂಗಿದರೆ ಡೋಸ್ ದುಪ್ಪಟ್ಟು.

ಮಕ್ಕಳಿಗೆ ವಯಸ್ಸಿನ ಲೆಕ್ಕ ಬೇಡ, ತೂಕದ ಲೆಕ್ಕ ಬೇಕು. ಒಂದು ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಅಂಗನವಾಡಿಯಲ್ಲಿ ತೂಕ ಸಿಗುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು ಬಾಟಲಿಯದ್ದು. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ: 5 ಎಂಎಲ್‌ಗೆ 125 ಮಿಲಿಗ್ರಾಂ, 5 ಎಂಎಲ್‌ಗೆ 250 ಮಿಲಿಗ್ರಾಂ, ಡ್ರಾಪ್ಸ್ ಆದರೆ 1 ಎಂಎಲ್‌ಗೇ 100 ಮಿಲಿಗ್ರಾಂ. ಹತ್ತು ಕೆಜಿ ಮಗುವಿಗೆ ಮೊದಲನೆಯದು 5 ಎಂಎಲ್, ಎರಡನೆಯದು ಎರಡೂವರೆ ಎಂಎಲ್, ಡ್ರಾಪ್ಸ್ ಒಂದೂಕಾಲು ಎಂಎಲ್. ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಕುಡಿಸಿದರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಹೋಯಿತು. ಹಾಗಾಗಿ ಲೇಬಲ್ ಓದದೆ ಅಳೆಯಬೇಡಿ. ಅಡುಗೆಮನೆಯ ಚಮಚವೂ ಬೇಡ, ಒಂದೊಂದರ ಅಳತೆ ಒಂದೊಂದು ಥರ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್, ಮೆಫೆನಾಮಿಕ್ ಆಸಿಡ್ ಇರುವ ಮಾತ್ರೆಗಳನ್ನು ಡೆಂಗಿ ಅಲ್ಲ ಅಂತ ಖಾತ್ರಿಯಾಗುವವರೆಗೆ ಮುಟ್ಟಬೇಡಿ. ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ಮೊದಲಿಂದ ತೆಗೆದುಕೊಳ್ಳುವವರು ತಾವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಸೂಜಿಯ ವಿಷಯ. ಊರಿನ ಆರ್‌ಎಂಪಿ (ಡಾಕ್ಟರ್ ಡಿಗ್ರಿ ಇಲ್ಲದೆ ಚಿಕಿತ್ಸೆ ಕೊಡುವವರು) ಹತ್ತಿರ ಒಂದು ಸೂಜಿ ಮಾಡಿಸಿದರೆ ಗಂಟೆಯೊಳಗೆ ಜ್ವರ ಇಳಿಯುತ್ತದೆ, ನಿಜ. ಅದರಲ್ಲಿ ಡೈಕ್ಲೋ ಅಥವಾ ಡೆಕ್ಸಾ ಇರುವುದೇ ಹೆಚ್ಚು. ಡೆಕ್ಸಾ ಒಂದು ಸ್ಟೀರಾಯ್ಡ್. ಅದು ಜ್ವರ ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ, ನಿಮ್ಮ ನೋಟ್‌ಬುಕ್ಕಿನ ಲೆಕ್ಕವೂ ಕೆಡುತ್ತದೆ. ಈಗಾಗಲೇ ಮಾಡಿಸಿಬಿಟ್ಟಿದ್ದರೆ ಅದರ ಖಾಲಿ ಬಾಟಲಿ ಕೇಳಿ ತನ್ನಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ.

ನೀರು, ಗಂಜಿ, ಮಜ್ಜಿಗೆ, ಅಂಬಲಿ, ಎಳನೀರು, ಬೇಳೆಕಟ್ಟು ಯಾವುದಾದರೂ ಸರಿ, ಸ್ವಲ್ಪ ಸ್ವಲ್ಪವೇ ಪದೇ ಪದೇ ಕೊಡಿ. ವಾಂತಿ ಭೇದಿ ಇದ್ದರೆ ಒಆರ್‌ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೇ ಸಲ ಹಾಕಬೇಕು, 24 ಗಂಟೆಯಲ್ಲಿ ಮುಗಿಸಬೇಕು. ಅರ್ಧ ಪುಡಿಯನ್ನು ಲೋಟಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಕೆಡುಕು. ಬಾಯಲ್ಲಿ ಕುಡಿಯಲು ಆಗುವವರಿಗೆ ಸಲೈನ್ ಹಚ್ಚಿಸಿ ಬರುವ ಹೆಚ್ಚುವರಿ ಶಕ್ತಿ ಏನೂ ಇಲ್ಲ. ಡೆಂಗಿಯಲ್ಲಿ ಲೆಕ್ಕವಿಲ್ಲದೆ ಹಚ್ಚಿಸಿದರೆ ಆ ನೀರು ಎದೆಯಲ್ಲಿ ನಿಲ್ಲುತ್ತದೆ.

ಚಳಿ ಅಂತ ಎರಡೆರಡು ಕೌದಿ ಹೊದಿಸಿ ಬೆವರಿಸುವುದು ಬೇಡ. ನಡುಗುತ್ತಿರುವಷ್ಟು ಹೊತ್ತು ಒಂದು ತೆಳು ಹೊದಿಕೆ, ನಡುಕ ನಿಂತ ಮೇಲೆ ಅದನ್ನೂ ತೆಗೆಯಿರಿ. ಒರೆಸುವುದಾದರೆ ಉಗುರುಬೆಚ್ಚಗಿನ ನೀರಲ್ಲಿ. ರೋಗಿಯನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಯ ಬೇರೆಯವರಿಗೆ ತರುವುದು.

## ಹಂತ 6: ಟೆಸ್ಟ್, ಆದರೆ ಸರಿಯಾದ ದಿನಕ್ಕೆ

ಮಲೇರಿಯಾ. ಒಂದನೇ ದಿನವೇ ಮಾಡಿಸಬಹುದು. ಬೆರಳಿನ ರಕ್ತದ ಕಾರ್ಡ್ ಟೆಸ್ಟ್, ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ನೆಗೆಟಿವ್ ಬಂದು ಚಳಿಜ್ವರ ಮುಂದುವರಿದರೆ ಒಂದೆರಡು ದಿನ ಬಿಟ್ಟು ರಕ್ತಲೇಪನ (ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಿ.

ಡೆಂಗಿ. ಮೊದಲ ಐದು ದಿನ ಎನ್‌ಎಸ್1, ಅಂದರೆ ರಕ್ತದಲ್ಲಿ ವೈರಸ್‌ನ ಅಂಶ ಹುಡುಕುವ ಟೆಸ್ಟ್. ಐದನೇ ದಿನದ ನಂತರ ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಟೆಸ್ಟ್. ಏಳನೇ ದಿನ ಎನ್‌ಎಸ್1 ಮಾಡಿಸಿ "ನೆಗೆಟಿವ್ ಬಂತು" ಅಂತ ನೆಮ್ಮದಿಯಾಗಿ ಮಲಗುವವರಿದ್ದಾರೆ. ಎರಡನೇ ದಿನ ಐಜಿಎಂ ಮಾಡಿಸುವವರೂ ಇದ್ದಾರೆ. ಎರಡೂ ದುಡ್ಡು ದಂಡ. ಲ್ಯಾಬ್‌ನಲ್ಲಿ ಯಂತ್ರದಿಂದ ಮಾಡುವ ಎಲೈಸಾ ವಿಧಾನದ ವರದಿ ಕಾರ್ಡ್ ಟೆಸ್ಟ್‌ಗಿಂತ ನಂಬಿಕೆಗೆ ಅರ್ಹ. ಟೆಸ್ಟ್ ನೆಗೆಟಿವ್ ಇದ್ದರೂ ಲಕ್ಷಣ ಡೆಂಗಿಯದ್ದಾಗಿದ್ದರೆ ಡೆಂಗಿ ಅಂತಲೇ ನೋಡಿಕೊಳ್ಳಬೇಕು.

ಟೈಫಾಯಿಡ್. ನಮ್ಮ ಕಡೆ ಅತಿ ಹೆಚ್ಚು ತಪ್ಪು ಹೆಸರು ಪಡೆದ ಜ್ವರ ಇದು. ಎರಡನೇ ದಿನ ವೈಡಾಲ್ ಅನ್ನುವ ರಕ್ತಪರೀಕ್ಷೆ ಮಾಡಿಸಿ, ಅದರಲ್ಲಿ 1:80ರಂಥ ಸಣ್ಣ ಅಂಕಿ ಬಂದರೆ ಚೀಟಿಯ ಮೇಲೆ ಟೈಫಾಯಿಡ್ ಅಂತ ಬಿದ್ದಾಯಿತು. ವೈಡಾಲ್‌ಗೆ ಮೊದಲ ವಾರದಲ್ಲಿ ಬೆಲೆಯಿಲ್ಲ. ಹಿಂದೆ ಯಾವಾಗಲೋ ಬಂದುಹೋದ ಸೋಂಕಿಗೂ ಅದು ಪಾಸಿಟಿವ್ ತೋರಿಸುತ್ತದೆ. ಮೊದಲ ವಾರದಲ್ಲಿ ಸರಿಯಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು, ಅದೂ ಆಂಟಿಬಯೋಟಿಕ್ ಶುರು ಮಾಡುವ ಮೊದಲು. ವರದಿಗೆ ಕೆಲವು ದಿನ ಬೇಕು. ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ದೊಡ್ಡ ಕಡೆ ಇದನ್ನು ಕೇಳಿ.

ರಕ್ತದ ಸಾಮಾನ್ಯ ಪರೀಕ್ಷೆ, ಅಂದರೆ ಸಿಬಿಸಿ, ಮೂರನೇ ದಿನದಿಂದ ಉಪಯುಕ್ತ. ಮೂತ್ರ ಪರೀಕ್ಷೆ ಯಾವ ದಿನವೂ ಸರಿ, ಹೆಂಗಸರಿಗೆ, ಸಣ್ಣ ಮಕ್ಕಳಿಗೆ ಮರೆಯಬೇಡಿ. ಅಪಾಯದ ಲಕ್ಷಣ ಒಂದೂ ಇಲ್ಲದಿದ್ದರೂ ಮೂರನೇ ದಿನಕ್ಕೆ ಜ್ವರ ನಿಲ್ಲದಿದ್ದರೆ ಮನೆಯ ಆರೈಕೆ ಸಾಕು ಮಾಡಿ ಡಾಕ್ಟರ್ ಹತ್ತಿರ ಹೋಗಿ. ರಾತ್ರಿ ಹೊತ್ತು ಗೊಂದಲವಾದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು.

## ಹಂತ 7: ಜ್ವರ ಬಿಟ್ಟ ದಿನ ಕಣ್ಣು ಮುಚ್ಚಬೇಡಿ

ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿದಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ತಾನಾಗಿ ಬಿಡುತ್ತದೆ. ಆಮೇಲಿನ 24ರಿಂದ 48 ಗಂಟೆಯಲ್ಲಿ ಕೆಲವರ ರಕ್ತನಾಳದಿಂದ ನೀರಿನಂಶ ಸೋರಿ ಹೊಟ್ಟೆ, ಎದೆಗೆ ಇಳಿಯುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಮೈ ತಣ್ಣಗಿದೆ ಅಂತ ಮನೆಯವರು ನಿಶ್ಚಿಂತೆಯಿಂದ ಇರುವ ಹೊತ್ತು ಅದೇ.

ಈ ಎರಡು ದಿನ ನೋಡಬೇಕಾದ್ದು: ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು ಅಥವಾ ವಿನಾಕಾರಣ ಚಡಪಡಿಕೆ, ಮೂತ್ರ ಕಡಿಮೆ. ಒಂದು ಕಂಡರೂ ಆಸ್ಪತ್ರೆ. ಮೇಲಿನ ಪುಟದ ಹುಡುಗಿಗೆ ಶುಕ್ರವಾರ ಇವುಗಳಲ್ಲಿ ಎರಡಿದ್ದವು.

ಎಲ್ಲರ ಕಣ್ಣೂ ಪ್ಲೇಟ್‌ಲೆಟ್, ಅಂದರೆ ರಕ್ತಸ್ರಾವ ತಡೆಯುವ ಕಣಗಳ ಮೇಲೆ. 60 ಸಾವಿರಕ್ಕೆ ಇಳಿಯಿತು ಅಂತ ಊರೆಲ್ಲ ಫೋನು. ಆದರೆ ರಕ್ತಸ್ರಾವ ಇಲ್ಲದ, ಚೆನ್ನಾಗಿ ಮೂತ್ರ ಹೋಗುತ್ತಿರುವ ರೋಗಿಗೆ ಆ ಸಂಖ್ಯೆ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ಅದೇ ಸಿಬಿಸಿ ವರದಿಯಲ್ಲಿರುವ ಹಿಮಟೊಕ್ರಿಟ್ ಏರುತ್ತಿದೆಯಾ ಅಂತ ಡಾಕ್ಟರನ್ನು ಕೇಳಿ. ರಕ್ತ ಗಟ್ಟಿಯಾಗುತ್ತಿದೆಯೋ ಇಲ್ಲವೋ ಹೇಳುವುದು ಅದೇ. ಪಪ್ಪಾಯಿ ಎಲೆಯ ರಸ ಕುಡಿಸಿ ವಾಂತಿ ಜಾಸ್ತಿ ಮಾಡಿಕೊಂಡು ಬರುವವರನ್ನು ನೋಡಿದರೆ ಬೇಸರವಾಗುತ್ತದೆ. ಅದೇ ಹೊತ್ತಿಗೆ ಎರಡು ಲೋಟ ಒಆರ್‌ಎಸ್ ಹೋಗಿದ್ದರೆ ಒಳ್ಳೆಯದಿತ್ತು.

## ಹಂತ 8: ಜ್ವರ ಹೋದ ಮೇಲೆ

ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಇದ್ದವರಿಗೆ ಪ್ರಿಮಾಕ್ವಿನ್ ಮಾತ್ರೆ 14 ದಿನ ಕೊಡುತ್ತಾರೆ. ಮೂರನೇ ದಿನಕ್ಕೆ ಆರಾಮ ಅನಿಸಿ ಬಿಟ್ಟರೆ ಲಿವರ್‌ನಲ್ಲಿ ಅಡಗಿದ ಪರೋಪಜೀವಿ ತಿಂಗಳುಗಳಾದ ಮೇಲೆ ಮತ್ತೆ ಎದ್ದು ಬರುತ್ತದೆ. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ, ಆದ್ದರಿಂದ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹಂಚಬೇಡಿ. ಮಾತ್ರೆ ನಡುವೆ ಮೂತ್ರ ಕಪ್ಪಗಾದರೆ ನಿಲ್ಲಿಸಿ ತಕ್ಷಣ ತೋರಿಸಿ.

ಜ್ವರ ಏಳು ದಿನ ದಾಟಿದರೆ, ಅಥವಾ ಬಿಟ್ಟು ಮತ್ತೆ ಬಂದರೆ, ಅದೇ ಚೀಟಿಯ ಮಾತ್ರೆಯನ್ನು ಮತ್ತೆ ಕೊಳ್ಳಬೇಡಿ. ನೋಟ್‌ಬುಕ್, ಎಲ್ಲ ವರದಿ, ಖಾಲಿ ಸ್ಟ್ರಿಪ್‌ಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಂಗಡಿಯವರಿಗೆ ಮಾತ್ರೆ ಕತ್ತರಿಸುವಾಗ ಹೆಸರಿರುವ ತುದಿ ಉಳಿಸಿಕೊಡಿ ಅಂತ ಮೊದಲೇ ಹೇಳಿರಿ.

ಕೊನೆಗೆ ಮನೆಯ ನೀರು. ನಲ್ಲಿ ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಹರವಿ, ಡ್ರಮ್, ಸಿಮೆಂಟ್ ತೊಟ್ಟಿ ತುಂಬಿಡದೆ ಬೇರೆ ದಾರಿಯಿಲ್ಲ. ಡೆಂಗಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಹಾಗಾಗಿ ವಾರಕ್ಕೊಂದು ದಿನ ಎಲ್ಲವನ್ನೂ ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ, ಬಟ್ಟೆ ಕಟ್ಟಿ ಮುಚ್ಚಿ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿಕೊಂಡೇ ಇರುತ್ತದೆ.